ಸಾವಿನ ಪೋಸ್ಟರ್ ಯಾರೂ ಹರಿಯುವುದಿಲ್ಲ

ಜೆರಾಕ್ಸ್ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗಿಯ ಕೈಯಲ್ಲಿ ಒಂದು ಶ್ರದ್ಧಾಂಜಲಿ ಪೋಸ್ಟರ್ ಇತ್ತು. ಸುತ್ತ ದಪ್ಪ ಕಪ್ಪು ಬಾರ್ಡರ್, ಎರಡೂ ಕಡೆ ಉರಿಯುವ ದೀಪ, ನಡುವೆ ಹಾರ ಹಾಕಿದ ಫೋಟೋ. ಜೆರಾಕ್ಸಿನ ಜೆರಾಕ್ಸ್ ಇರಬೇಕು, ಫೋಟೋ ಪೂರ್ತಿ ಮಸಿ ಹಿಡಿದು ಮುಖವೇ ಕಾಣುತ್ತಿರಲಿಲ್ಲ. ಹಾಳೆ ಹಿಡಿದಿದ್ದವಳು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಅಪ್ಪನೋ ಅಮ್ಮನೋ ಹೋಗಿರಬೇಕು ಎಂದುಕೊಂಡೆ.

“ಪಾಪ, ಯಾರು ಹೋಗಿದ್ದಮ್ಮ?” ಎಂದೆ.

“ಸಂಡಾಸ ರೀ ಅಕ್ಕಾರ,” ಎಂದಳು, ತಣ್ಣಗೆ.

ಅಂಗಡಿಯವನು ಮೆಷಿನ್ ನಿಲ್ಲಿಸಿ ನಕ್ಕ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. (ಈ ಅಂಕಣ ಓದುವವರಿಗೆ ಇದು ಹೊಸದಲ್ಲ. ನಮ್ಮ ಮನೆಯವರು ಇದಕ್ಕೆ ಬಿಪಿ ಅಂಕಣ ಎಂದೇ ಹೆಸರಿಟ್ಟಿದ್ದಾರೆ.) ಸಾವಿನ ವಿಷಯದಲ್ಲೂ ತಮಾಷೆಯೇ? ಗದರಲು ಬಾಯಿ ತೆರೆಯುವಷ್ಟರಲ್ಲಿ ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಓದಿದೆ.

“ಭಾವಪೂರ್ಣ ಶ್ರದ್ಧಾಂಜಲಿ. ನಮ್ಮೆಲ್ಲರ ಪ್ರೀತಿಯ ಮಾರ್ಕೆಟ್ ಮಹಿಳಾ ಶೌಚಾಲಯ. ಜನನ: ರಿಬ್ಬನ್ ಕತ್ತರಿಸಿದ ದಿನ. ಮರಣ: ಫೋಟೋ ತೆಗೆದು ಮುಗಿದ ಕೂಡಲೇ. ಮೃತರು ‘ರಿಪೇರಿ’ ಎಂಬ ದೀರ್ಘಕಾಲದ ಕಾಯಿಲೆಯಿಂದ ಬಳಲುತ್ತಿದ್ದರು. ದುಃಖತಪ್ತರು: ಹೂವಿನವರು, ಸೊಪ್ಪಿನವರು, ಕಸ ಗುಡಿಸುವವರು, ಬಸ್ಸಿಗೆ ಕಾಯುವವರು. ಮೃತರ ಆತ್ಮಕ್ಕೆ ಶಾಂತಿ ಸಿಗದಿರಲಿ.”

ಕೆಳಗೆ ಸಣ್ಣ ಅಕ್ಷರದಲ್ಲಿ: “ಭಾನುವಾರ ಮಧ್ಯಾಹ್ನ ಮುನಿರಾಜು ಹಾಲ್‌ನಲ್ಲಿ ‘ಕೆಟ್ಟ ಸೊಸೆಯರು’ ಬ್ಯಾಂಡ್‌ನಿಂದ ಗದ್ದಲ. ಎಲ್ಲರೂ ಬನ್ನಿ. ಈ ಕಾಗದ ಬೇಕಾದವರು ಜೆರಾಕ್ಸ್ ಮಾಡಿಕೊಳ್ಳಿ.”

ಓದಿ ಮುಗಿಸುವಷ್ಟರಲ್ಲಿ ನನ್ನ ಸಿಟ್ಟು ಅವಳ ಮೇಲಿಂದ ಇಳಿದು ಬೇರೆ ಕಡೆ ಹೊರಟಿತ್ತು. ಯಾಕೆಂದರೆ ಆ ಶೌಚಾಲಯ ನನಗೆ ಚೆನ್ನಾಗಿ ಗೊತ್ತು. ತ್ಯಾಗರಾಜನಗರದ ನಮ್ಮ ಮನೆಯಿಂದ ನಾನು ದಿನವೂ ಹೂವಿಗೆ ಹೋಗುವ ಮಾರ್ಕೆಟ್ಟಿನದು ಅದು. (ಯಾವ ಮಾರ್ಕೆಟ್ ಎಂದು ಬರೆಯುವುದಿಲ್ಲ, ಜನರ ಹೆಸರನ್ನೂ ಬದಲಿಸಿದ್ದೇನೆ. ಬರೆದರೆ ನಾಳೆ ಬೆಳಗ್ಗೆ ಸಂಪಾದಕರಿಗೆ ವಕೀಲರ ನೋಟಿಸ್ ಬರುತ್ತದೆ. ಆದರೆ ನಿಮ್ಮ ಏರಿಯಾದ್ದೇ ಎಂದುಕೊಂಡು ಓದಿ, ಬಹುಶಃ ತಪ್ಪಾಗುವುದಿಲ್ಲ.) ಬಾಗಿಲ ಮೇಲೆ ‘ಮಹಿಳೆಯರು’ ಎಂದು ಬರೆದಿದೆ, ಜಡೆ ಹಾಕಿದ ಹೆಂಗಸಿನ ಚಿತ್ರವೂ ಇದೆ. ಬಾಗಿಲಿಗೆ ಬೀಗ ಇದೆ. ಬೀಗದ ಪಕ್ಕದಲ್ಲಿ ‘ರಿಪೇರಿ ನಿಮಿತ್ತ ಮುಚ್ಚಲಾಗಿದೆ’ ಎಂಬ ಬೋರ್ಡು. ಆ ಬೋರ್ಡಿಗೇ ಈಗ ತುಕ್ಕು ಹಿಡಿದು ರಿಪೇರಿ ಬೇಕಾಗಿದೆ.

ಆ ಬಾಗಿಲಿನ ಎದುರಿಗೇ ಕೂರುವವಳು ಜಯಮ್ಮ. ಅವಳ ಹತ್ತಿರ ನಾನು ಮೊಳ ಲೆಕ್ಕದಲ್ಲಿ ಮಲ್ಲಿಗೆ ಕೊಳ್ಳಲು ಶುರು ಮಾಡಿದಾಗ ನಮ್ಮಿಬ್ಬರ ತಲೆಯೂ ಕಪ್ಪಗಿತ್ತು. ಬೆಳಕು ಹರಿಯುವ ಮೊದಲೇ ಬಂದು ಕೂರುತ್ತಾಳೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಾಳೆ. ಈ ನಡುವೆ ಅವಳು ನೀರು ಕುಡಿಯುವುದಿಲ್ಲ. ಇದು ವ್ರತ ಅಲ್ಲ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ, ಹೋಗಲು ಜಾಗ ಇಲ್ಲ, ಅಷ್ಟೇ.

ಕಳೆದ ಬೇಸಿಗೆಯಲ್ಲಿ ಅವಳಿಗೆ ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂತ್ರದ ಸೋಂಕು ಕಿಡ್ನಿಗೆ ಏರಿದೆ, ಇನ್ನೊಂದು ಸಲ ಹೀಗಾದರೆ ಕಷ್ಟ, ದಿನವಿಡೀ ನೀರು ಕುಡಿಯುತ್ತಲೇ ಇರಬೇಕು ಎಂದು ಡಾಕ್ಟರ್ ಗಟ್ಟಿಯಾಗಿಯೇ ಹೇಳಿ ಕಳಿಸಿದ್ದರು. ವಾಪಸ್ ಬಂದು ಕೂತ ದಿನ ನಾನೂ ಅದನ್ನೇ ಹೇಳಿದೆ.

“ಕುಡೀಬೌದಮ್ಮ,” ಎಂದಳು ಹೂವು ಕಟ್ಟುತ್ತಾ. “ಕುಡ್ದು ಎಲ್ಲಿಗೋಗ್ಲಿ ಹೇಳಿ.”

ನೀವೇ ಹೇಳಿ, ಎಲ್ಲಿಗೆ ಹೋಗಬೇಕು? ಗಂಡಸರಿಗಾದರೆ ಊರೆಲ್ಲ ಗೋಡೆ. ಆ ಗೋಡೆ ಉಳಿಸಿಕೊಳ್ಳಲು ನಾವು ಸಾಲಾಗಿ ದೇವರ ಟೈಲ್ಸ್ ಅಂಟಿಸುತ್ತೇವೆ. ಎಲ್ಲ ಧರ್ಮದ ದೇವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಖ್ಯಾತಿ ಬೆಂಗಳೂರಿನ ಗಂಡಸರ ಉಚ್ಚೆಗೆ ಸಲ್ಲಬೇಕು. ಹೆಂಗಸರಿಗೆ ಬೀಗ.

ಹುಡುಗಿಯ ಹೆಸರು ರೇಣುಕಾ. ಗದಗದ ಕಡೆಯವಳು. ಬಿಟಿಎಂ ಲೇಔಟಿನಲ್ಲಿ ಗೆಳತಿಯರ ಜೊತೆ ಒಂದು ರೂಮು ಮಾಡಿಕೊಂಡಿದ್ದಾಳೆ, ಯಾವುದೋ ಆಫೀಸಿನಲ್ಲಿ ಬಿಲ್ಡರ್‌ಗಳ ಜಾಹೀರಾತು ಡಿಸೈನ್ ಮಾಡುತ್ತಾಳೆ. ಭಾನುವಾರ ಪಂಕ್ ಬ್ಯಾಂಡಿನಲ್ಲಿ ಹಾಡುತ್ತಾಳೆ. ಹಾಡು ಎಂದರೆ ನಾವು ಅಂದುಕೊಳ್ಳುವ ಹಾಡಲ್ಲ, ಅವಳೇ ಅದಕ್ಕೆ ‘ಒದರೂದು’ ಎನ್ನುತ್ತಾಳೆ. ಪಕ್ಕದ ಹೋಟೆಲಿನಲ್ಲಿ ಬೈ-ಟು ಕಾಫಿ ಹೇಳಿ ಇದನ್ನೆಲ್ಲ ಕೇಳಿಸಿಕೊಂಡೆ.

ಪಂಕ್ ಎಂದರೆ ಕೂದಲನ್ನು ಹುಂಜದ ಜುಟ್ಟಿನ ಹಾಗೆ ನಿಲ್ಲಿಸಿಕೊಂಡು ಕುಣಿಯುವುದು ಎಂದು ನಾನು ತಿಳಿದಿದ್ದೆ. ರೇಣುಕಾಳ ಬ್ಯಾಗಿನಿಂದ ಒಂದೊಂದೇ ಹಾಳೆ ಹೊರಬಂತು. ಎಲ್ಲ ಅವರ ಹಳೆಯ ಕಾರ್ಯಕ್ರಮಗಳ ಫ್ಲೈಯರ್‌ಗಳು. ಒಂದರಲ್ಲಿ ‘ಲೇಡೀಸ್ ಪಿಜಿ, ಮೂರು ಹೊತ್ತು ಊಟ’ ಎಂಬ ಕರಪತ್ರದಿಂದ ಕತ್ತರಿಸಿದ ಅಕ್ಷರ, ಇನ್ನೊಂದರಲ್ಲಿ ಚಿನ್ನದಂಗಡಿಯ ಜಾಹೀರಾತಿನಿಂದ ಕತ್ತರಿಸಿದ ವಧು, ಅವಳ ತಲೆಯ ಜಾಗದಲ್ಲಿ ಪ್ರೆಶರ್ ಕುಕ್ಕರ್. ಅಕ್ಷರ ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಸೊಟ್ಟ. ಅಂಚುಗಳು ಹರಿದದ್ದು ಹರಿದ ಹಾಗೇ ಇದೆ. ಗೋಂದು ಒಸರಿದ ಕಲೆ ಕೂಡ ಜೆರಾಕ್ಸಿನಲ್ಲಿ ಬಂದಿದೆ.

“ಕಂಪ್ಯೂಟರ್ ಬರತ್ತಲ್ಲ ನಿಂಗೆ, ನೀಟಾಗಿ ಮಾಡ್ಬಾರ್ದಾ?” ಎಂದೆ.

“ಆಫೀಸ್ನ್ಯಾಗ ದಿನಾ ನೀಟ ಮಾಡೂದ ನನ್ ಕೆಲ್ಸ ರೀ ಅಕ್ಕಾರ. ಕೆರಿ ಮುಚ್ಚಿ ಕಟ್ಟಿದ ಬಿಲ್ಡಿಂಗಿಗೆ ‘ಲೇಕ್ ವ್ಯೂ’ ಅಂತ ಹಸರ ಹಸರ ಹಚ್ಚಿ ಚಂದ ಕಾಣೂಹಂಗ ಮಾಡ್ತೀನ್ರಿ. ಚಂದ ಇದ್ದದ್ದೆಲ್ಲಾ ಖರೇ ಅಂತ ಜನ ನಂಬ್ತಾರ. ಅದಕ್ಕ ಇದು ಹಿಂಗ ಇರ್ಲಿ ಅಂತ.”

ಆಮೇಲೆ ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸುಮಾರು ಐವತ್ತು ವರ್ಷದ ಕೆಳಗೆ ಇಂಗ್ಲೆಂಡ್, ಅಮೆರಿಕಗಳಲ್ಲಿ ಕೆಲಸವಿಲ್ಲದ, ಕೈಯಲ್ಲಿ ಕಾಸಿಲ್ಲದ ಹುಡುಗ ಹುಡುಗಿಯರು ಬ್ಯಾಂಡ್ ಕಟ್ಟಿದರು. ಗಿಟಾರಿನಲ್ಲಿ ಮೂರು ಹಿಡಿತ ಬಂದರೆ ಸಾಕು, ವೇದಿಕೆ ಹತ್ತು. ಅವರ ಕಾರ್ಯಕ್ರಮಕ್ಕೆ ಪೋಸ್ಟರ್ ಯಾರು ಮಾಡಿಕೊಡುತ್ತಾರೆ? ಕತ್ತರಿ, ಹಳೆ ಪೇಪರು, ಗೋಂದು ತೆಗೆದುಕೊಂಡರು. ಯಾರದೋ ಆಫೀಸಿನ ಜೆರಾಕ್ಸ್ ಮೆಷಿನ್ನಿನಲ್ಲಿ ಮ್ಯಾನೇಜರ್ ಊಟಕ್ಕೆ ಹೋದಾಗ ಕಾಪಿ ತೆಗೆದರು. ಅಕ್ಷರ ಹೊಂದುತ್ತಿರಲಿಲ್ಲ, ಏಕೆಂದರೆ ಹೊಂದುವ ಅಕ್ಷರಕ್ಕೆ ದುಡ್ಡು ಬೇಕಿತ್ತು. ಆ ಹೊಂದದ ಅಕ್ಷರವೇ ಒಂದು ಮಾತಾಯಿತು: ಇದನ್ನು ಮಾಡಲು ನಿಮ್ಮ ಅಪ್ಪಣೆ ನಮಗೆ ಬೇಕಿಲ್ಲ.

ಅಷ್ಟೇ ಅಲ್ಲ. ರಾಜಮನೆತನದವರ ಫೋಟೋ, ಮಂತ್ರಿಗಳ ಫೋಟೋ, ಸೋಪಿನ ಜಾಹೀರಾತು, ಸುಖಸಂಸಾರದ ಜಾಹೀರಾತು, ಎಲ್ಲವನ್ನೂ ಕತ್ತರಿಸಿ ತಲೆಕೆಳಗು ಮಾಡಿ ಅಂಟಿಸಿದರು. ದೊಡ್ಡವರು ತಮ್ಮ ಮುಖ ತೋರಿಸಲು ಮಾಡಿಸಿದ ಚಿತ್ರದಿಂದಲೇ ಅವರ ಮುಖಕ್ಕೆ ಹೊಡೆಯುವುದು. ಯುದ್ಧ ಬೇಡ, ಬಣ್ಣ ನೋಡಿ ಮನುಷ್ಯರನ್ನು ಅಳೆಯಬೇಡಿ, ಬಾಡಿಗೆ ಇಳಿಸಿ, ಪೊಲೀಸರ ಲಾಠಿ ಇಳಿಸಿ. ಇವೆಲ್ಲ ಒಂದು ಎ-ಫೋರ್ ಹಾಳೆಯ ಮೇಲೆ, ಟಿಕೆಟ್ ವಿವರದ ಪಕ್ಕದಲ್ಲೇ. ಸ್ಪಾನ್ಸರ್ ಲೋಗೋ ಇಲ್ಲ, ಮಾಡಿದವರ ಸಹಿ ಇಲ್ಲ, ಕಾಪಿರೈಟ್ ಇಲ್ಲ. ಯಾರು ಬೇಕಾದರೂ ನಕಲು ಮಾಡಿ ಇನ್ನೊಂದು ಗೋಡೆಗೆ ಹಚ್ಚಬಹುದು. ಕಾಪಿ ಮಾಡಿದಷ್ಟೂ ಮಸಿ ಹೆಚ್ಚುತ್ತದೆ. ಮಸಿ ಹೆಚ್ಚಿದಷ್ಟೂ ಅದು ಎಷ್ಟು ಕೈ ದಾಟಿ ಬಂದಿದೆ ಎಂದು ಗೊತ್ತಾಗುತ್ತದೆ.

ಇದೆಲ್ಲ ಸರಿ, ಆದರೆ ಶ್ರದ್ಧಾಂಜಲಿ ಯಾಕೆ?

ಅದಕ್ಕೆ ರೇಣುಕಾ ಹೇಳಿದ ಕಾರಣ ಕೇಳಿ. ಆಫೀಸಿನಿಂದ ಮನೆಗೆ ಹೋಗುವಾಗ ಅವಳು ಬಸ್ ಬದಲಿಸುವುದು ಆ ಮಾರ್ಕೆಟ್ಟಿನ ಎದುರಿನ ಸ್ಟಾಪಿನಲ್ಲಿ. ಒಂದು ಸಂಜೆ ಅವಳಿಗೇ ತಡೆಯಲಾರದಷ್ಟು ಅವಸರವಾಯಿತು. ಬೋರ್ಡು ನೋಡಿ ಓಡಿ ಬಂದರೆ ಬೀಗ. ಮುಖ ಬಿಳಿಚಿಕೊಂಡು ನಿಂತವಳನ್ನು ಜಯಮ್ಮ ಕೈ ಹಿಡಿದು ತಳ್ಳುಗಾಡಿಗಳ ಹಿಂದಕ್ಕೆ ಕರೆದುಕೊಂಡು ಹೋದಳು. ಸೊಪ್ಪಿನ ಹೆಂಗಸರು ನಾಲ್ಕು ಜನ ಎದ್ದು ಬಂದು ಒಂದು ಹಳೆ ಸೀರೆ ಬಿಡಿಸಿ ಸುತ್ತ ಹಿಡಿದು, ಬೆನ್ನು ಹಾಕಿ ನಿಂತರು. ಅವರಿಗೆ ಅದು ದಿನದ ಅಭ್ಯಾಸ. ಒಬ್ಬರಿಗೆ ಬೇಕಾದರೆ ಉಳಿದವರು ಸೀರೆ ಹಿಡಿಯಬೇಕು, ಆ ಹೊತ್ತಿಗೆ ಯಾರ ವ್ಯಾಪಾರ ಹೋದರೂ ಹೋಯಿತು. ಅದಕ್ಕೇ ಜಯಮ್ಮ ನೀರು ಬಿಟ್ಟಿದ್ದು, ಇನ್ನೊಬ್ಬರನ್ನು ಎಬ್ಬಿಸಬಾರದು ಎಂದು.

“ಅವತ್ತ ನಂಗ ಅಳು ಬರ್ಲಿಲ್ರಿ. ಸಿಟ್ಟ್ ಬಂತು,” ಎಂದಳು ರೇಣುಕಾ.

ಮೊದಲು ಅವಳು ತನ್ನ ಎಂದಿನ ಕತ್ತರಿ ಅಕ್ಷರದ ಫ್ಲೈಯರನ್ನೇ ಆ ಬಾಗಿಲಿಗೆ ಅಂಟಿಸಿದಳಂತೆ. ಬೆಳಗ್ಗೆ ಅಂಟಿಸಿದ್ದು ಮಧ್ಯಾಹ್ನಕ್ಕೆ ಇಲ್ಲ. ಮತ್ತೆ ಅಂಟಿಸಿದಳು, ಮತ್ತೆ ಹರಿದರು. ಪಕ್ಕದಲ್ಲೇ ಯಾರೋ ತೀರಿಕೊಂಡವರ ಶ್ರದ್ಧಾಂಜಲಿ ಪೋಸ್ಟರ್ ಇತ್ತು. ಅದು ಮಾತ್ರ ಮಳೆ ಬಿಸಿಲಿಗೆ ತಾನಾಗಿಯೇ ಉದುರುವವರೆಗೂ ಇತ್ತು.

“ಅದಕ್ಕ ಯಾರೂ ಕೈ ಹಚ್ಚೂದಿಲ್ರಿ. ಸತ್ತವರ ಮುಖ ಹರಿಯಾಕ ಎಲ್ಲಾರ್ಗೂ ಅಂಜಿಕಿ. ದೇವ್ರ ಟೈಲ್ಸ್ ಹಚ್ಚಿ ನೀವು ಗ್ವಾಡಿ ಕಾಯ್ತೀರಿ. ನಾನು ಸಾವು ಹಚ್ಚಿ ನನ್ ಪೋಸ್ಟರ್ ಕಾಯ್ತೀನಿ.”

ಕಾಫಿ ತಣ್ಣಗಾಗಿತ್ತು. ಇಷ್ಟು ವರ್ಷ ಪೆನ್ನು ಹಿಡಿದು ನಾನು ಬರೆದ ಯಾವ ಸಾಲಿಗೂ ಇಷ್ಟು ಬುದ್ಧಿ ಇರಲಿಲ್ಲ ಎಂದು ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಅವಳ ಲೆಕ್ಕ ತಪ್ಪಲಿಲ್ಲ. ಬಾಗಿಲ ಮೇಲೆ, ಅದರ ಪಕ್ಕದ ಗೋಡೆ ಉದ್ದಕ್ಕೂ ಹಚ್ಚಿದ ಪೋಸ್ಟರ್‌ಗಳಲ್ಲಿ ಒಂದನ್ನೂ ಯಾರೂ ಮುಟ್ಟಲಿಲ್ಲ. ಗುಡಿಸುವವರು ಅದರ ಕೆಳಗೆ ಗುಡಿಸಿಕೊಂಡು ಹೋದರು. ಜನ ನಿಂತು ಓದಿದರು. ಮೊದಲ ಸಾಲಿಗೆ ‘ಅಯ್ಯೋ ಪಾಪ’ ಎನ್ನುವರು, ಎರಡನೇ ಸಾಲಿಗೆ ಹುಬ್ಬು ಗಂಟಿಕ್ಕುವರು, ಕೊನೆಗೆ ತಿರುಗಿ ಆ ಬೀಗವನ್ನು ನೋಡುವರು. ಅಷ್ಟು ದಿನ ಕಣ್ಣೆದುರೇ ಇದ್ದ ಬೀಗವನ್ನು ಜನ ನೋಡಿದ್ದು ಆಗಲೇ. ಹೆಂಗಸರಂತೂ ಫೋಟೋ ತೆಗೆದು ಗ್ರೂಪುಗಳಿಗೆ ಕಳಿಸಿದರು. ಬನಶಂಕರಿಯ ಬಸ್ ಸ್ಟಾಪಿನಲ್ಲಿ, ಜಯನಗರದ ಒಂದು ಕಾಂಪೌಂಡಿನ ಮೇಲೆ ಯಾರ್ಯಾರೋ ಜೆರಾಕ್ಸ್ ಮಾಡಿ ಹಚ್ಚಿದ ಕಾಪಿಗಳನ್ನು ನಾನೇ ನೋಡಿದೆ.

ಇನ್ನು ಮುನಿರಾಜು ಅವರ ವಿಷಯ. ಇವರು ಹಳೆಯ ಊರಿನವರು. ಕುಮಾರಸ್ವಾಮಿ ಲೇಔಟ್ ಲೇಔಟ್ ಆಗುವ ಮೊದಲು ಅಲ್ಲಿ ಇವರ ಅಪ್ಪ ರಾಗಿ ಬೆಳೆಯುತ್ತಿದ್ದರು. ಈಗ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಹಾಲ್. ನಾಮಕರಣ, ಆರತಿ, ತಿಥಿ ಊಟ ಎಲ್ಲ ಅಲ್ಲೇ. ಮಾರ್ಕೆಟ್ ಕ್ಷೇಮಾಭಿವೃದ್ಧಿ ಸಮಿತಿಗೂ ಇವರೇ ಅಧ್ಯಕ್ಷರು. ಶೌಚಾಲಯದ ಬೀಗದ ಕೈ ಇರುವುದೂ ಇವರ ಹತ್ತಿರವೇ.

ಹಾಗಿದ್ದರೆ ಅವರು ಈ ಗದ್ದಲಕ್ಕೆ ಹಾಲ್ ಹೇಗೆ ಕೊಟ್ಟರು? ರೇಣುಕಾ ಹೋಗಿ “ಶ್ರದ್ಧಾಂಜಲಿ ಸಭಾ ಐತ್ರಿ” ಎಂದಿದ್ದಳು. ನಿಮ್ಮವರೇನಮ್ಮ ಎಂದು ಅವರು ಕೇಳಿದ್ದಕ್ಕೆ “ಮಾರ್ಕೆಟ್ಟಿನ ಹೆಣ್ಮಕ್ಳಿಗೆಲ್ಲಾ ಬೇಕಾದವರ್ರಿ” ಎಂದಳು. ಇದರಲ್ಲಿ ಸುಳ್ಳು ಎಲ್ಲಿದೆ ಹೇಳಿ. ಸಾವಿನ ಮನೆಯವರು ಕೇಳಿದರೆ ಇಲ್ಲ ಎನ್ನಬಾರದು, ಬಾಡಿಗೆಯನ್ನೂ ಮುಟ್ಟಬಾರದು ಎಂಬುದು ಅವರ ಅಪ್ಪನ ಕಾಲದಿಂದ ಬಂದ ರೂಢಿ. ಹಾಲ್ ಕೊಟ್ಟರು. ಫೋಟೋಕ್ಕೆ ದೊಡ್ಡ ಹಾರ ನಾನೇ ತರಿಸುತ್ತೇನೆ ಎಂದೂ ಹೇಳಿ ಕಳಿಸಿದರು.

ಅವರು ಪೋಸ್ಟರ್ ನೋಡಿದ ಬೆಳಗ್ಗೆ ನಾನು ಜಯಮ್ಮನ ಹತ್ತಿರ ಹೂವು ಕೊಳ್ಳುತ್ತಿದ್ದೆ. ಸ್ಕೂಟರ್ ನಿಲ್ಲಿಸಿದರು. ಕಪ್ಪು ಬಾರ್ಡರ್ ಕಂಡಿತು. ಚಪ್ಪಲಿ ಬಿಟ್ಟರು, ಎರಡೂ ಕೈ ಜೋಡಿಸಿದರು, ಕಣ್ಣು ಮುಚ್ಚಿದರು. ಆಮೇಲೆ ಜಯಮ್ಮನ ಕಡೆ ತಿರುಗಿದರು.

“ಯಾರವ್ವ ಇವ್ರು? ಮುಖಾನೇ ಸರಿಯಾಗ್ ಬಂದಿಲ್ವಲ್ಲ.”

“ಮುಖ ಅಲ್ಲ ಕಣಣ್ಣ. ಬಾಗ್ಲು,” ಎಂದಳು ಜಯಮ್ಮ, ಹೂವಿನಿಂದ ಕಣ್ಣು ತೆಗೆಯದೆ.

ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಮೊದಲಿನಿಂದ ಓದಿದರು. ‘ಆತ್ಮಕ್ಕೆ ಶಾಂತಿ ಸಿಗದಿರಲಿ’ ಎಂಬಲ್ಲಿಗೆ ಬರುವಷ್ಟರಲ್ಲಿ ಕಿವಿ ಕೆಂಪಾಗಿತ್ತು. ಕೈ ಮುಗಿದು ನಿಂತದ್ದನ್ನು ಇಡೀ ಮಾರ್ಕೆಟ್ ನೋಡಿತ್ತಲ್ಲ. ಚಪ್ಪಲಿ ಮೆಟ್ಟಿಕೊಂಡು ಸ್ಕೂಟರ್ ಹತ್ತಿ ಹೋದರು.

ಭಾನುವಾರ ಹಾಲಿಗೂ ಬೀಗ ಬಿತ್ತು. ಬ್ಯಾಂಡಿನ ಹುಡುಗಿಯರು ವಾಪಸ್ ಹೋಗಲಿಲ್ಲ. ಗಿಟಾರ್, ಒಂದು ಪುಟ್ಟ ಬ್ಯಾಟರಿ ಸ್ಪೀಕರ್, ತರಕಾರಿಯ ಪ್ಲಾಸ್ಟಿಕ್ ಕ್ರೇಟುಗಳನ್ನೇ ಡ್ರಮ್ ಮಾಡಿಕೊಂಡು ಶೌಚಾಲಯದ ಬಾಗಿಲಿಗೇ ಬೆನ್ನು ಕೊಟ್ಟು ನಿಂತರು. ರೇಣುಕಾ ಒದರಿದಳು. ಕಿವಿಗೆ ಹಿತವಾಗಿರಲಿಲ್ಲ. ಹಿತವಾಗಿರಲು ಅದೇನು ಗೃಹಪ್ರವೇಶವೇ? ‘ತೆಗಿ, ತೆಗಿ, ಕೀಲಿ ತೆಗಿ’ ಎಂಬ ಒಂದೇ ಸಾಲು, ಮತ್ತೆ ಮತ್ತೆ. ಸೊಪ್ಪಿನ ಹೆಂಗಸರು ತಕ್ಕಡಿ ಬಟ್ಟಲು ಬಡಿದರು. ಜಯಮ್ಮ ಹೂವು ಕಟ್ಟುವುದನ್ನು ನಿಲ್ಲಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ಅವಳು ಹಾಗೆ ನಡುಹಗಲಲ್ಲಿ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡನೇ ಹಾಡು ಮುಗಿಯುವ ಮೊದಲೇ ಪೊಲೀಸರು ಬಂದರು. ಪರ್ಮಿಷನ್ ಇದೆಯೇ? ಇಲ್ಲ. ನಿಲ್ಲಿಸಿ. ನಿಲ್ಲಿಸಿದರು. ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಪೋಸ್ಟರನ್ನು ಪೂರ್ತಿ ಓದಿ, “ಬಂದೋಬಸ್ತ್ ಡ್ಯೂಟಿಗೆ ಹಾಕಿದ್ರೆ ನಮ್ದೂ ಇದೇ ಪಾಡು ಮೇಡಂ” ಎಂದು ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

ವಾರದೊಳಗೆ ಸಮಿತಿ ಮೀಟಿಂಗ್ ಕರೆಯಿತು. ಬೀಗದ ಬಗ್ಗೆ ಎಂದುಕೊಂಡಿರಾ? ಪೋಸ್ಟರ್ ಬಗ್ಗೆ. ಜಯಮ್ಮನಿಗೆ ವ್ಯಾಪಾರ ಬಿಟ್ಟು ಬರಲಾಗಲಿಲ್ಲ, ರೇಣುಕಾಳನ್ನು ಕರೆಯಲಿಲ್ಲ. ನಾನು ಕರೆಯದಿದ್ದರೂ ಹೋದೆ.

ಮೊದಲು ಎದ್ದವರು ಹತ್ತಿರದ ಅಪಾರ್ಟ್‌ಮೆಂಟಿನವರೊಬ್ಬರು. ಪೋಸ್ಟರ್ ನೋಡಿ ಅವರ ಅತ್ತೆಗೆ ಗಾಬರಿಯಾಗಿ ಬಿಪಿ ಏರಿತಂತೆ. ಇನ್ನೊಬ್ಬರಿಗೆ ಅದು ಅಪಶಕುನ. ಮತ್ತೊಬ್ಬರಿಗೆ ಅಕ್ಷರ ಸೊಟ್ಟಗಿದ್ದದ್ದೇ ಬೇಜಾರು, “ಕನ್ನಡದ ಮಾನ ತೆಗೀತಾರೆ ಇವ್ರು” ಎಂದರು. ಗೋಡೆ ಗಲೀಜಾಯಿತು, ಏರಿಯಾದ ಹೆಸರು ಕೆಟ್ಟಿತು, ಫ್ಲ್ಯಾಟಿನ ಬೆಲೆ ಏನಾಗಬೇಕು. ಆಮೇಲೆ ಬಂತು ನಾನು ಕಾಯುತ್ತಿದ್ದ ಮಾತು: “ಎಲ್ಲಾ ಹೊರಗಡೆಯಿಂದ ಬಂದೋರು ಮಾಡೋದು ಸಾರ್.”

ನನ್ನ ತಲೆ ಕೆಟ್ಟದ್ದು ಅಲ್ಲಿ. ಹೊರಗಡೆ ಎಂದರೆ ಎಲ್ಲಿ ಸ್ವಾಮಿ? ಗದಗ ಹೊರಗಡೆಯೇ? ನಿಮ್ಮ ಬಾಡಿಗೆ ತುಂಬುವಾಗ, ನಿಮ್ಮ ಆಫೀಸಿನ ರಾತ್ರಿಪಾಳಿ ಮಾಡುವಾಗ, ನಿಮ್ಮ ಮನೆಗೆ ಊಟ ತಲುಪಿಸುವಾಗ ಅವರು ಒಳಗಡೆಯವರು. ಬಾಯಿ ತೆರೆದ ಕೂಡಲೇ ಹೊರಗಡೆಯವರು. ಎದ್ದು ಇಷ್ಟೂ ಹೇಳಿದೆ. ಮತ್ತೂ ಹೇಳಿದೆ: ಅದೇ ಮಾರ್ಕೆಟ್ಟಿನ ಮುಂದೆ ಫುಟ್‌ಪಾತ್ ಪೂರ್ತಿ ಅಡ್ಡಗಟ್ಟಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ನಿಂತಿದೆ. ನಡುವೆ ಒಂದು ದೊಡ್ಡ ಮುಖ, ಸುತ್ತ ಉದ್ದಿನ ವಡೆ ಜೋಡಿಸಿದ ಹಾಗೆ ಚಿಕ್ಕ ಮುಖಗಳು. ಜನ ರಸ್ತೆಗಿಳಿದು ನಡೆಯುತ್ತಾರೆ. ಅದು ಗಲೀಜಲ್ಲವೇ? ಅದರ ಕಬ್ಬಿಣದ ಫ್ರೇಮುಗಳನ್ನು ಹಬ್ಬ ಮುಗಿದ ಮೇಲೆ ಎಲ್ಲಿಡುತ್ತೀರಿ ಎಂದು ಹೇಳಲೇ? ಆ ಶೌಚಾಲಯದ ಒಳಗೆ. ಒಡೆದ ವೆಂಟಿಲೇಟರಿನಿಂದ ನಾನೇ ಇಣುಕಿ ನೋಡಿದ್ದೇನೆ. ರಿಪೇರಿಯೂ ಇಲ್ಲ, ಮಣ್ಣೂ ಇಲ್ಲ. ಹೆಂಗಸರು ಕೂರಬೇಕಾದ ಜಾಗದಲ್ಲಿ ನಾಯಕರ ಮುಖಗಳು ಸುರುಳಿ ಸುತ್ತಿಕೊಂಡು ಆರಾಮಾಗಿ ಮಲಗಿವೆ.

ಮುನಿರಾಜು ಗಂಟಲು ಸರಿ ಮಾಡಿಕೊಂಡರು.

“ನೋಡಿ ಮೇಡಂ, ಆ ಹುಡ್ಗಿ ನನ್ನ ನಂಬಿಕೆ ಜೊತೆ ಆಟ ಆಡ್ಬಿಟ್ಲು. ಸಾವು ಅಂದ್ಲು. ನಾನು ಕೈ ಮುಗ್ದೆ.”

“ಜಯಮ್ಮ ಆಸ್ಪತ್ರೆಗೆ ಸೇರಿದ್ದು ಗೊತ್ತಲ್ವಾ ನಿಮ್ಗೆ?” ಎಂದೆ. “ಡಾಕ್ಟ್ರು ಏನಂದ್ರು ಅಂತಾನೂ ಗೊತ್ತಲ್ವಾ?”

“ಗೊತ್ತು. ಪಾಪ.”

“ಹಾಗಾದ್ರೆ ಸುಳ್ಳು ಯಾವ್ದು ಮುನಿರಾಜು ಅವ್ರೇ?”

ಅವರು ಕೆಟ್ಟವರಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸುವುದು. ಸತ್ತವರಿಗೆ ಕಾಸು ಮುಟ್ಟದೆ ಹಾಲ್ ಕೊಡುವ ಮನುಷ್ಯ, ಬದುಕಿರುವವಳಿಗೆ ಒಂದು ಬಾಗಿಲು ತೆಗೆಯಲಾರ. ಸತ್ತವರ ಮುಂದೆ ಚಪ್ಪಲಿ ಬಿಡುವ ನಾವೆಲ್ಲ ಬದುಕಿದ್ದವರನ್ನು ಸೀರೆ ಮರೆಯಲ್ಲಿ ಕೂರಿಸಿದ್ದೇವೆ.

ಪೋಸ್ಟರ್ ಕಿತ್ತು ಹಾಕಿ ಎಂದು ತೀರ್ಮಾನವಾಯಿತು. ಕೀಳುವವರು ಯಾರು? ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಳ್ಳು ಸಾವು ಎಂದು ಎಲ್ಲರಿಗೂ ಗೊತ್ತು, ಆದರೂ ಕೈ ಹೋಗುವುದಿಲ್ಲ. ಗುಡಿಸುವ ಕೆಲಸದ ಲಕ್ಷ್ಮಕ್ಕನನ್ನು ಕರೆಸಿ ಹೇಳಿದರೆ, “ನನ್ ಕೈಲಾಗಲ್ಲ ಸಾರ್, ಮನೇಲಿ ಮಕ್ಳವೆ, ನೀವೇ ಕಿತ್ಕೊಳಿ” ಎಂದು ಪೊರಕೆ ಎತ್ತಿಕೊಂಡು ಹೊರಟೇಬಿಟ್ಟಳು.

ಆಗ ಎದ್ದು ನಿಂತವರು ನಮ್ಮ ಪಕ್ಕದ ರಸ್ತೆಯ ಒಬ್ಬ ಬ್ರ್ಯಾಂಡಿಂಗ್ ಮಹಾಶಯರು. ಗಡ್ಡ, ಲಿನನ್ ಶರ್ಟು. ಅವರಿಗೆ ಪೋಸ್ಟರ್ ಬಹಳ ಇಷ್ಟವಾಗಿದೆಯಂತೆ. “ಸಖತ್ ರಾ ಎನರ್ಜಿ ಇದೆ ಮೇಡಂ. ಜೆ.ಪಿ. ನಗರದಲ್ಲಿ ಒಂದು ಬಿಯರ್ ಪಬ್‌ಗೆ ನಾವು ಇದೇ ಲುಕ್ ಮಾಡಿದ್ವಿ. ಟೋರ್ನ್ ಪೇಪರ್, ಕಟ್ ಲೆಟರ್ಸ್. ಕ್ಲೈಂಟ್ ಫುಲ್ ಖುಷ್.”

ಕೇಳಿಸಿಕೊಂಡಿರಾ? ಹೊಂದುವ ಅಕ್ಷರಕ್ಕೆ ದುಡ್ಡಿಲ್ಲದವರು ಸಿಟ್ಟಿನಲ್ಲಿ ಹರಿದು ಅಂಟಿಸಿದ ಕಾಗದ ಈಗ ‘ಲುಕ್’. ಕಂಪ್ಯೂಟರಿನಲ್ಲಿ ಕೂತು ನೀಟಾಗಿ ಹರಿಯುತ್ತಾರೆ. ಕಾಗದ ಹರಿದ ಹಾಗೆ ಕಾಣಬೇಕು, ಆದರೆ ಯಾರ ಮುಖವೂ ಹರಿಯಬಾರದು. ಸಿಟ್ಟು ಇರಬೇಕು, ಯಾರ ಮೇಲೆ ಎಂದು ಮಾತ್ರ ಇರಬಾರದು. ಬಿಯರಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ.

ಮಹಾಶಯರ ಸಲಹೆ ಸರಳವಾಗಿತ್ತು. ಕೀಳುವುದು ಬೇಡ, ಮೇಲೆ ಪೇಂಟ್ ಮಾಡೋಣ. ಮ್ಯೂರಲ್, ಅಂದರೆ ಗೋಡೆ ತುಂಬ ಚಿತ್ರ. ಲೋಕಲ್ ಲೈಫ್ ಸೆಲೆಬ್ರೇಟ್ ಮಾಡುವಂಥದ್ದು. ಎಲ್ಲರಿಗೂ ಉಸಿರು ಬಂತು. ಹರಿದ ಪಾಪವಿಲ್ಲ, ಗೋಡೆಯೂ ಚಂದ. ಚಪ್ಪಾಳೆ ತಟ್ಟಿ ಒಪ್ಪಿದರು. ಬೀಗದ ವಿಷಯವನ್ನು ‘ಮುಂದಿನ ಮೀಟಿಂಗಿನಲ್ಲಿ ಪರಿಶೀಲಿಸಲಾಗುವುದು’. ನಾನು ಕಿರುಚಿದೆ. ಹೌದು, ಕಿರುಚಿದೆ, ಒದರಿದೆ, ರೇಣುಕಾಳ ಹಾಗೆಯೇ. ಮೈಕ್ ಆಫ್ ಮಾಡಿ ಟೀ ಕೊಟ್ಟರು.

ಮೊನ್ನೆ ಮ್ಯೂರಲ್ ಮುಗಿದಿದೆ. ಒಪ್ಪಿಕೊಳ್ಳಲೇಬೇಕು, ಚೆನ್ನಾಗಿ ಬರೆದಿದ್ದಾರೆ. ಗೋಡೆ ತುಂಬ ಬಣ್ಣ, ಸೂರ್ಯ, ಮಲ್ಲಿಗೆ ರಾಶಿ. ನಡುವೆ ಹೂವು ಕಟ್ಟುತ್ತಾ ಕೂತ ಹೆಂಗಸು, ಕೆಂಪು ಸೀರೆ, ದೊಡ್ಡ ಕುಂಕುಮ, ಅಗಲವಾದ ನಗು. ಮೂಗುತಿ ಸಮೇತ ಅದು ಜಯಮ್ಮನೇ. ಅವಳನ್ನು ಕೇಳಿದ್ದರೇ? ಯಾವುದೋ ಹುಡುಗ ಬಂದು ಒಂದು ಫೋಟೋ ತೆಗೆದುಕೊಂಡು ಹೋದನಂತೆ.

ನಾನು ಹೂವಿಗೆ ಹೋದಾಗ ಒಂದು ಜೋಡಿ ಆ ಗೋಡೆಯ ಮುಂದೆ ಸೆಲ್ಫಿ ತೆಗೆಯಲು ನಿಂತಿತ್ತು. ಫ್ರೇಮಿನ ಒಳಗೆ ಬುಟ್ಟಿ ಬರುತ್ತಿತ್ತು.

“ಆಂಟಿ, ಒಂಚೂರು ಸೈಡಿಗೆ ಹೋಗ್ತೀರಾ ಪ್ಲೀಸ್?” ಎಂದಳು ಹುಡುಗಿ, ವಿನಯವಾಗಿಯೇ.

ಜಯಮ್ಮ ಬುಟ್ಟಿ ಎಳೆದುಕೊಂಡು ಪಕ್ಕಕ್ಕೆ ಸರಿದಳು, ತನ್ನದೇ ಚಿತ್ರಕ್ಕೆ ಜಾಗ ಬಿಟ್ಟು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನನ್ನ ಬಾಟಲಿ ಚಾಚಿದೆ. ಬೇಡ ಎಂದು ತಲೆಯಾಡಿಸಿದಳು. ಎರಡು ದಿನದಿಂದ ಮತ್ತೆ ಸಂಜೆ ಹೊತ್ತು ಚಳಿ ಬರುತ್ತಿದೆ ಎಂದಳು, ಮಳೆ ಬರುವ ಹಾಗಿದೆ ಎಂದಷ್ಟೇ ಸಲೀಸಾಗಿ.

ಮುನಿರಾಜು ಅವರೇ, ಗೋಡೆ ಮೇಲಿರುವ ಜಯಮ್ಮನಿಗೆ ಉಚ್ಚೆ ಬರುವುದಿಲ್ಲ, ಕೆಳಗೆ ಕೂತಿರುವವಳಿಗೆ ಬರುತ್ತದೆ. ನಿಜವಾದ ಪೋಸ್ಟರ್ ಬರುವವರೆಗೂ ಕಾಯುತ್ತೀರಾ?